ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದೀರಾ? ನಿಮ್ಮ ಮನಸ್ಸು ಕುಸಿಯದಂತೆ ಏನೇನು ಮಾಡಬೇಕು

ಅಮ್ಮನಿಗೆ ಲಕ್ವ ಹೊಡೆದು ಮೂರನೇ ತಿಂಗಳು. ರಾತ್ರಿ ಎಂಟು ಗಂಟೆ ಇರಬೇಕು. ರಾಗಿ ಗಂಜಿ ಕುಡಿಸುತ್ತಾ ಕೂತಿದ್ದೆ. ಮೂರು ಚಮಚ ಒಳಗೆ ಹೋಯಿತು. ನಾಲ್ಕನೆಯದನ್ನು ಅಮ್ಮ ಬಾಯಲ್ಲೇ ಇಟ್ಟುಕೊಂಡಳು. "ನುಂಗಮ್ಮ" ಅಂದೆ. ನುಂಗಲಿಲ್ಲ. ಬಾಯಿಯ ಬಲಗಡೆಯಿಂದ ಗಂಜಿ ಇಳಿದು, ಆಗಷ್ಟೇ ಬದಲಾಯಿಸಿದ್ದ ನೈಟಿಯ ಮೇಲೆ ಬಿತ್ತು. ನಾನು ಕೈಲಿದ್ದ ಸ್ಟೀಲ್ ಚಮಚವನ್ನು ಗೋಡೆಗೆ ಎಸೆದೆ.

ಅಮ್ಮ ಬೆಚ್ಚಿಬಿದ್ದಳು. ಆಮೇಲೆ ಚೆನ್ನಾಗಿದ್ದ ಎಡಗೈಯಿಂದ ನೈಟಿಯ ಮೇಲಿನ ಗಂಜಿಯನ್ನು ಮೆಲ್ಲಗೆ ಒರೆಸತೊಡಗಿದಳು.

ನಾನು ಹಿತ್ತಲಿಗೆ ಹೋಗಿ, ನಲ್ಲಿ ತಿರುಗಿಸಿ, ನೀರು ಬೀಳುವ ಸದ್ದಿನಲ್ಲಿ ಅಳುತ್ತಾ ನಿಂತೆ. ಹೆತ್ತ ತಾಯಿಯ ಮುಂದೆ ಹೀಗೆ ಮಾಡಿದವಳು ಲೋಕದಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ. ಆಮೇಲೆ ಒಬ್ಬೊಬ್ಬರ ಹತ್ತಿರ ಮಾತಾಡುತ್ತಾ ಹೋದಂತೆ ಗೊತ್ತಾಯಿತು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಬಹಳ ಜನರಿಗೆ ಇಂಥದ್ದೊಂದು ರಾತ್ರಿ ಇದೆ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ.

ಆ ದಿನಗಳಲ್ಲಿ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಗಟ್ಟಿ ಮನಸ್ಸು ಮಾಡ್ಕೋ." ಹೇಗೆ ಅಂತ ಯಾರೂ ಹೇಳಲಿಲ್ಲ. ಎಲ್ಲವನ್ನೂ ಒಬ್ಬಳೇ ಹೊತ್ತುಕೊಂಡು, ಅಳದೆ, ಕೇಳದೆ ಇರುವುದೇ ಗಟ್ಟಿತನ ಅಂತ ನಾನೂ ನಂಬಿದ್ದೆ. ಜಾತ್ರೆಯಲ್ಲಿ ಪಲ್ಲಕ್ಕಿ ಹೊರುವವರನ್ನು ನೋಡಿದ್ದೀರಲ್ವಾ? ಎಷ್ಟೇ ಕಸುವಿನ ಆಳಾದರೂ ಊರೆಲ್ಲಾ ಸುತ್ತುವಷ್ಟರಲ್ಲಿ ಹತ್ತು ಸಲ ಹೆಗಲು ಬದಲಿಸುತ್ತಾನೆ. ಪಕ್ಕದಲ್ಲಿ ಇನ್ನೊಬ್ಬ ತನ್ನ ಸರದಿಗೆ ಕಾಯುತ್ತಾ ನಡೆಯುತ್ತಿರುತ್ತಾನೆ. ಅದಕ್ಕೇ ಪಲ್ಲಕ್ಕಿ ನೆಲಕ್ಕೆ ಬೀಳುವುದಿಲ್ಲ. ಎರಡೂವರೆ ವರ್ಷದಲ್ಲಿ ನಾನು ಕಲಿತದ್ದು ಇದನ್ನೇ. ನಿಮಗೆ ಅದು ಮೊದಲ ತಿಂಗಳಲ್ಲೇ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು: ಇದು ಮೈಗೂ ತಾಗುತ್ತದೆ ಅಂತ ಒಪ್ಪಿಕೊಳ್ಳಿ

"ನನಗೇನಾಗಿದೆ, ಕಾಯಿಲೆ ಇರೋದು ಅಮ್ಮನಿಗೆ" ಅಂತ ನಾನು ಹೇಳುತ್ತಿದ್ದೆ. ಅದೇ ಹೊತ್ತಿಗೆ ತಲೆಗೂದಲು ಉದುರುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು, ಸಣ್ಣ ಸದ್ದಿಗೂ ಎದೆ ಹೊಡೆದುಕೊಳ್ಳುತ್ತಿತ್ತು.

1995ರಲ್ಲಿ ಅಮೆರಿಕದ ಓಹಿಯೊದಲ್ಲಿ ನಡೆದ ಒಂದು ಅಧ್ಯಯನ ನನ್ನ ಕಣ್ಣು ತೆರೆಸಿತು. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು ಒಂದು ಕಡೆ, ಅಂಥ ಹೊಣೆ ಇಲ್ಲದ, ಹೆಚ್ಚುಕಮ್ಮಿ ಅದೇ ವಯಸ್ಸಿನ 13 ಹೆಂಗಸರು ಇನ್ನೊಂದು ಕಡೆ. ಎಲ್ಲರ ತೋಳಿಗೂ ಒಂದೇ ಅಳತೆಯ, 3.5 ಮಿಲಿಮೀಟರ್‌ನ ಪುಟ್ಟ ಗಾಯ ಮಾಡಿ, ಅದು ಮಾಯಲು ಎಷ್ಟು ದಿನ ಬೇಕು ಅಂತ ನೋಡಿದರು. ನೋಡಿಕೊಳ್ಳುವವರ ಗಾಯ ಮಾಯಲು ಸರಾಸರಿ 9 ದಿನ ಜಾಸ್ತಿ ಹಿಡಿಯಿತು.

ಒತ್ತಡ ಬಂದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಹಾವು ಕಂಡು ಓಡಲು ಅವು ಬೇಕು. ಓಡಿದ ಮೇಲೆ ಇಳಿಯಬೇಕು. ರೋಗಿಯ ಮನೆಯಲ್ಲಿ ಅವು ಇಳಿಯುವುದಕ್ಕೆ ಬಿಡುವೇ ಸಿಗುವುದಿಲ್ಲ. ಹಾಗಾಗಿ ಈ ವಾರವೇ ನಿಮ್ಮ ಬಿಪಿ, ಸಕ್ಕರೆ ನೋಡಿಸಿ. ರೋಗಿಯ ಮಾತ್ರೆ ತರಲು ಹೋದಾಗ ನಿಮ್ಮದನ್ನೂ ನೋಡಿಸಿಕೊಂಡು ಬನ್ನಿ. ಬೇರೆ ದಿನ ಹೋಗೋಣ ಅಂದರೆ ಆ ದಿನ ಬರುವುದಿಲ್ಲ.

ಎರಡನೆಯದು: ನಾಲ್ಕು ಗಂಟೆಯ ನಿದ್ದೆಗೆ ದಾರಿ ಹುಡುಕಿ

ಬೇರೆ ಏನೂ ಆಗದಿದ್ದರೂ ಇದೊಂದನ್ನು ಮಾಡಿ. ಹಾಸಿಗೆ ಹುಣ್ಣು ಆಗದಿರಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಒಬ್ಬರೇ ಮಾಡಿದರೆ ರಾತ್ರಿಯಿಡೀ ತುಂಡು ತುಂಡು ನಿದ್ದೆ. ವಾರಗಟ್ಟಲೆ ಹೀಗಾದರೆ ಎಂಥ ಶಾಂತ ಮನುಷ್ಯನೂ ಸಿಡುಕುತ್ತಾನೆ. ನನ್ನ ಚಮಚದ ರಾತ್ರಿಯ ಹಿಂದೆ ಇದ್ದದ್ದು ಹನ್ನೊಂದು ವಾರದ ನಿದ್ದೆಗೇಡು.

ನಾವು ಮಾಡಿದ್ದು ಹೀಗೆ. ರಾತ್ರಿ ಹತ್ತರಿಂದ ಎರಡರ ತನಕ ನನ್ನ ಗಂಡನ ಪಾಳಿ. ಎರಡರಿಂದ ಆರರ ತನಕ ನನ್ನದು. ನನ್ನ ಪಾಳಿ ಇಲ್ಲದಾಗ ನಾನು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ಅದೇ ಕೋಣೆಯಲ್ಲಿ ಮಲಗಿದರೆ ಪಾಳಿ ಯಾರದ್ದಾದರೂ ಎಚ್ಚರ ಆಗುವುದು ನಮಗೇ. ಮೊದಲ ನಾಲ್ಕೈದು ರಾತ್ರಿ ಬಾಗಿಲು ಹಾಕಲು ಮನಸ್ಸು ಬರಲಿಲ್ಲ. ಆಮೇಲೆ ಬಂತು.

ಏರ್ ಬೆಡ್ ಹಾಕಿದರೆ ಸ್ವಲ್ಪ ಅನುಕೂಲ. ಹಾಗಂತ ಮಗ್ಗುಲು ಬದಲಿಸುವುದನ್ನು ಬಿಡುವ ಹಾಗಿಲ್ಲ. ರಾತ್ರಿ ಎಷ್ಟು ಹೊತ್ತಿಗೊಮ್ಮೆ ಸಾಕು ಅಂತ ನಿಮ್ಮ ವೈದ್ಯರನ್ನೇ ಕೇಳಿ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ. ಕುಡಿದ ಕಾಫಿಯ ಕೆಫೀನ್‌ನಲ್ಲಿ ಅರ್ಧದಷ್ಟು ಐದಾರು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ. ಮನೆಯಲ್ಲಿ ನೀವೊಬ್ಬರೇ ಇದ್ದರೆ, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ, ಅದನ್ನು ಹಗಲಿನ ಆಯಾಗಿಂತ ಮೊದಲು ವಾರಕ್ಕೆ ಎರಡು ರಾತ್ರಿ ನೋಡಿಕೊಳ್ಳುವವರಿಗೆ ಕೊಡಿ. ಇದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು: ಕೆಲಸವನ್ನು ಬರೆದು ತೋರಿಸಿ, ಆಮೇಲೆ ಹಂಚಿ

ಅಣ್ಣ ಇರುವುದು ಬೆಂಗಳೂರಿನಲ್ಲಿ, ನಾನು ಅರಸೀಕೆರೆಯಲ್ಲಿ. ದಿನಾ ಫೋನ್ ಮಾಡುತ್ತಿದ್ದ. "ಅಮ್ಮ ಹೇಗಿದಾಳೆ? ಎಳನೀರು ಕೊಟ್ಯಾ? ಫಿಸಿಯೋ ಮಾಡಿಸ್ತಿದೀಯಾ?" ತಿಂಗಳಿಗೆ ಸರಿಯಾಗಿ ದುಡ್ಡು ಹಾಕುತ್ತಿದ್ದ. ಆದರೂ ಅವನ ಫೋನ್ ಬಂದಾಗೆಲ್ಲ ನನಗೆ ಒಳಗೊಳಗೇ ಕುದಿಯುತ್ತಿತ್ತು. ಅವನಿಗೆ ಏನೂ ಕಾಣುತ್ತಿಲ್ಲ ಅಂತ ಸಿಟ್ಟು. ನಾನೂ ಏನೂ ಹೇಳಿರಲಿಲ್ಲ ಅನ್ನೋದು ಆಗ ಹೊಳೆದಿರಲಿಲ್ಲ.

ಒಂದು ದಿನ ಮಕ್ಕಳ ಹಳೇ ನೋಟ್‌ಬುಕ್ ತೆಗೆದು, ಬೆಳಿಗ್ಗೆ ಐದೂವರೆಯಿಂದ ಮಾಡಿದ್ದನ್ನೆಲ್ಲ ಬರೆದೆ. ಡೈಪರ್ ಬದಲಾವಣೆ. ಮೈ ಒರೆಸಿದ್ದು. ಬಾಯಿ ತೊಳೆಸಿದ್ದು. ಮಾತ್ರೆ ಪುಡಿ ಮಾಡಿದ್ದು. ಗಂಜಿ, ನಲವತ್ತು ನಿಮಿಷ. ಕೈಕಾಲು ಮಡಿಸಿ ಬಿಡಿಸಿದ್ದು. ಬೆಡ್‌ಶೀಟ್ ಒಗೆದದ್ದು, ಮತ್ತೆ ಒಗೆದದ್ದು. ರಾತ್ರಿ ಹೊತ್ತಿಗೆ 41 ಸಾಲಾಗಿತ್ತು. ಫೋಟೋ ತೆಗೆದು ಅಣ್ಣನಿಗೆ ಕಳಿಸಿ, ಫೋನ್ ಮಾಡಿದೆ.

"ಅಣ್ಣ, ನೋಡ್ದಾ? ಇದ್ರಲ್ಲಿ ನಿನ್ ಕೈಲಿ ಆಗೋದು ಯಾವ್ದು ಹೇಳು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಷ್ಟೆಲ್ಲಾ ಇರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ" ಅಂದ.

ಮಾತ್ರೆ, ಡೈಪರ್ ತರಿಸುವುದು ಮತ್ತು ವೈದ್ಯರ ದಿನ ಗೊತ್ತು ಮಾಡುವುದು ಅವನ ಪಾಲಿಗೆ ಹೋಯಿತು. ತಿಂಗಳಲ್ಲಿ ಎರಡು ಶನಿವಾರ ಬೆಳಗಿನ ರೈಲಿಗೆ ಬಂದು ಭಾನುವಾರ ಸಂಜೆ ತನಕ ಅಮ್ಮನನ್ನು ನೋಡಿಕೊಳ್ಳುವುದೂ ಅವನದೇ ಆಯಿತು. ಮೊದಲ ಸಲ ಬಂದಾಗ ಮಗ್ಗುಲು ಬದಲಿಸಲು ಅಮ್ಮನ ಭುಜ ಹಿಡಿದು ಎಳೆಯಲು ಹೋದ. ನಾನು ತೋರಿಸಿದೆ: ದುಪ್ಪಟಿಯನ್ನು ನಾಲ್ಕು ಮಡಿಕೆ ಮಾಡಿ ಹೆಗಲಿನಿಂದ ತೊಡೆಯ ತನಕ ಬರುವ ಹಾಗೆ ಕೆಳಗೆ ಹಾಸಿಡಬೇಕು, ಆ ಕಡೆ ಒಬ್ಬರು ಈ ಕಡೆ ಒಬ್ಬರು ತುದಿ ಸುತ್ತಿ ಹಿಡಿದು, ಒಂದೇ ಸಲಕ್ಕೆ ಎತ್ತಿ ಸರಿಸಬೇಕು. ಹೀಗೆ ಮಾಡಿದರೆ ಅವರ ಚರ್ಮ ಉಜ್ಜುವುದಿಲ್ಲ, ನಮ್ಮ ಸೊಂಟವೂ ಉಳಿಯುತ್ತದೆ. ನನಗೆ ಇದನ್ನು ಆಸ್ಪತ್ರೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಡಿಸ್ಚಾರ್ಜ್ ದಿನ ಮಾತ್ರೆ ಚೀಟಿ ಕೊಟ್ಟು ಕಳಿಸಿದ್ದರು. ನೀವು ಡಿಸ್ಚಾರ್ಜ್‌ಗೆ ಮುಂಚೆಯೇ ನರ್ಸ್ ಹತ್ತಿರ "ಮಾಡಿ ತೋರಿಸಿ" ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಆ ಶನಿವಾರ ನಾನು ಗೆಳತಿಯ ಮನೆಗೆ ಹೋಗಿ ಹನ್ನೊಂದು ಗಂಟೆ ನಿದ್ದೆ ಮಾಡಿದೆ.

ಕೇಳುವುದರಲ್ಲೂ ಒಂದು ರೀತಿ ಇದೆ. "ಯಾರೂ ಸಹಾಯ ಮಾಡಲ್ಲ" ಅಂದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ. "ಏನಾದ್ರೂ ಬೇಕಿದ್ರೆ ಹೇಳಿ" ಅಂತ ಪಕ್ಕದ ಮನೆಯವರು ಅಂದಾಗ ಸುಮ್ನೆ ತಲೆ ಆಡಿಸಬೇಡಿ. "ಬುಧವಾರ ನಾಲ್ಕರಿಂದ ಐದರ ತನಕ ಅಮ್ಮನ ಹತ್ರ ಕೂತ್ಕೋತೀರಾ ಆಂಟಿ?" ಅಂತ ಅಲ್ಲೇ ಕೇಳಿ. ಯಾರು, ಯಾವಾಗ, ಎಷ್ಟು ಹೊತ್ತು ಅಂತ ಹೇಳಿದರೆ ಒಪ್ಪುವವರು ಸಿಗುತ್ತಾರೆ. ಒಡಹುಟ್ಟಿದವರು ಯಾರೂ ಇಲ್ಲದಿದ್ದರೆ, ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಮನೆಯ ಪರಿಸ್ಥಿತಿ ತಿಳಿಸಿಡಿ. ಹಿರಿಯರಿಗಾಗಿ ಇರುವ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.

ಆ ನೋಟ್‌ಬುಕ್ ಇನ್ನೊಂದು ರೀತಿಯಲ್ಲೂ ಉಪಯೋಗಕ್ಕೆ ಬಂತು. ಯಾವ ಮಾತ್ರೆ ಎಷ್ಟು ಗಂಟೆಗೆ, ಬಿಪಿ ಎಷ್ಟು, ಮೋಷನ್ ಆಯ್ತಾ ಇಲ್ವಾ, ಎಲ್ಲ ಅದರಲ್ಲೇ. "ಮರೆತೆನಾ?" ಅಂತ ನಡುರಾತ್ರಿ ಎದ್ದು ಕೂರುವುದು ನಿಂತಿತು.

ಸಿಟ್ಟು ಬಂದ ಆ ಗಳಿಗೆಯಲ್ಲಿ

ಮೊದಲು ಕೈಯಲ್ಲಿದ್ದದ್ದನ್ನು ಕೆಳಗಿಡಿ. ಅವರ ಬಾಯಲ್ಲಿ ಊಟ ಉಳಿದಿಲ್ಲ, ಅವರು ಹಾಸಿಗೆಯ ಅಂಚಿನಲ್ಲಿ ಇಲ್ಲ ಅಂತ ನೋಡಿ. ಆಮೇಲೆ ಕೋಣೆಯಿಂದ ಹೊರಗೆ ಬನ್ನಿ. ಐದು ನಿಮಿಷ ಅವರು ಒಬ್ಬರೇ ಇದ್ದರೆ ಏನೂ ಆಗುವುದಿಲ್ಲ.

ಹೊರಗೆ ನಿಂತು, ಮನಸ್ಸಿನಲ್ಲಿ ನಾಲ್ಕು ಎಣಿಸುವ ತನಕ ಉಸಿರು ಒಳಗೆ ತಗೊಳ್ಳಿ, ಆರು ಎಣಿಸುವ ತನಕ ಬಿಡಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ಸ್ವಲ್ಪ ಇಳಿಯುತ್ತದೆ. ಅದಕ್ಕೇ ಬಿಡುವುದು ಉದ್ದ ಇರಬೇಕು. ಈ ಲೆಕ್ಕಕ್ಕೆ ನಿಮಿಷಕ್ಕೆ ಆರು ಉಸಿರಾಗುತ್ತದೆ. ಮೂರು ನಿಮಿಷ ಮಾಡಿ. ಸಿಟ್ಟು ಬಂದಾಗಲೇ ಮೊದಲ ಸಲ ಮಾಡಲು ಹೋದರೆ ಕೈಗೆ ಹತ್ತುವುದಿಲ್ಲ. ಹಾಲು ಕಾಯುವಾಗ, ನೀರು ತುಂಬುವಾಗ ಮಾಡಿ ರೂಢಿ ಮಾಡಿಕೊಳ್ಳಿ.

ಇನ್ನೊಂದು ಮಾತು. ನನ್ನ ಸಿಟ್ಟಿನಲ್ಲಿ ಅರ್ಧ ಇಳಿದದ್ದು ಉಸಿರಿನಿಂದ ಅಲ್ಲ, ತಿಳಿವಳಿಕೆಯಿಂದ. ಅಮ್ಮ ಗಂಜಿಯನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಹಠ ಅಂದುಕೊಂಡಿದ್ದೆ. ಲಕ್ವ ಹೊಡೆದವರಲ್ಲಿ ನುಂಗುವ ಸ್ನಾಯುಗಳೇ ಸೋತಿರಬಹುದು ಅಂತ ಒಬ್ಬ ಸ್ಪೀಚ್ ಥೆರಪಿಸ್ಟ್ ಹೇಳಿದ ಮೇಲೆ ಗೊತ್ತಾಯಿತು. ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪವೇ, ಶಕ್ತಿ ಇರುವ ಕಡೆಯ ಕೆನ್ನೆಗೆ ಕೊಡಬೇಕು. ತಿಂದ ಮೇಲೂ ಅರ್ಧ ಗಂಟೆ ಕೂರಿಸಿಯೇ ಇರಬೇಕು. ಕಾರಣವಿಲ್ಲದೆ ಅಳುವುದು, ನಗುವುದು ಕೂಡ ಮೆದುಳಿಗೆ ಆದ ಪೆಟ್ಟಿನಿಂದಲೇ ಇರಬಹುದು. ಮಾತು, ನುಂಗುವಿಕೆಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಜ್ಞರಿದ್ದಾರೆ. ನಿಮ್ಮವರ ಕಾಯಿಲೆಯಿಂದ ಏನೇನು ಆಗುತ್ತದೆ ಅಂತ ವೈದ್ಯರ ಹತ್ತಿರ ಹತ್ತು ನಿಮಿಷ ಕೂತು ಕೇಳಿ. ಬೇಕೆಂದೇ ಮಾಡುತ್ತಿಲ್ಲ ಅಂತ ತಿಳಿದಾಗ ಕೈ ತಾನಾಗಿ ಮೆತ್ತಗಾಗುತ್ತದೆ.

ಆದರೂ ಒಂದು ದಿನ ರೇಗಿಬಿಟ್ಟರೆ, ತಿರುಗಿ ಹೋಗಿ ಕೈ ಹಿಡಿದು "ತಪ್ಪಾಯ್ತಮ್ಮ" ಅನ್ನಿ. ಮಾತು ಬರದವರಿಗೂ ಅದು ತಲುಪುತ್ತದೆ. ಕೈ ಮಾಡುವ ಮಟ್ಟಕ್ಕೆ ಬಂದಿದ್ದರೆ ಮಾತ್ರ ಅದನ್ನು ಒಬ್ಬರೇ ಸರಿ ಮಾಡಿಕೊಳ್ಳಲು ನೋಡಬೇಡಿ. ಆ ದಿನವೇ ಬೇರೆಯವರನ್ನು ಕರೆಸಿ.

ದಿನಕ್ಕೆ ಅರ್ಧ ಗಂಟೆ ನಿಮ್ಮದು

ನಾನು ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ನಿಮಗೆ ದೇವಸ್ಥಾನ ಇರಬಹುದು, ಹೂವಿನ ಗಿಡ ಇರಬಹುದು, ಭಜನೆ ಇರಬಹುದು. ಒಂದೇ ಷರತ್ತು: ಆ ಹೊತ್ತಿನಲ್ಲಿ ರೋಗಿಯ ಸಾಮಾನು ತರುವ ಕೆಲಸ ಸೇರಿಸಬೇಡಿ.

ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದು ಇದ್ದರೆ ಬರೆಯಿರಿ. 1986ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಪೆನ್ನೆಬೇಕರ್ ಎಂಬ ಮನಃಶಾಸ್ತ್ರಜ್ಞರ ಅಧ್ಯಯನವೊಂದು ಬಂತು. ಕಾಲೇಜು ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಸಿದ್ದರು. ಮನಸ್ಸನ್ನು ಕೊರೆಯುವ ಘಟನೆಯನ್ನೂ ಅದರ ನೋವನ್ನೂ ಸೇರಿಸಿ ಬರೆದವರಿಗೆ ಬರೆದ ತಕ್ಷಣ ಬೇಸರ ಜಾಸ್ತಿಯಾಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಹತ್ತಿರ ಹೋದದ್ದು ಕಡಿಮೆ. ಹಾಗಾಗಿ ಮೊದಲ ದಿನ ಅಳು ಬಂದರೆ ಹೆದರಬೇಡಿ. ಬರೆದದ್ದನ್ನು ಹರಿದು ಹಾಕಬಹುದು. ನಾನು ಒಲೆಗೆ ಹಾಕುತ್ತಿದ್ದೆ.

ನೋಡಲು ಬಂದವರ ಮಾತಿನಿಂದಲೂ ಸ್ವಲ್ಪ ದೂರ ಇರಿ. ಆ ಊರಲ್ಲಿ ಬೇರಿನ ಔಷಧಿ ಕೊಡ್ತಾರಂತೆ, ಈ ಊರಲ್ಲಿ ಎಣ್ಣೆ ಹಚ್ತಾರಂತೆ ಅಂತ ಶುರುವಾದರೆ, "ಡಾಕ್ಟ್ರನ್ನ ಕೇಳಿ ನೋಡ್ತೀನಿ" ಅನ್ನಿ. ವಾದ ಬೇಡ. ಅದಕ್ಕೆ ಖರ್ಚಾಗುವ ಶಕ್ತಿ ನಿಮ್ಮ ಹತ್ತಿರ ಇಲ್ಲ.

ದುಡ್ಡಿನ ಚಿಂತೆಯ ಬಗ್ಗೆ ಒಂದೆರಡು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ದೃಢಪಟ್ಟರೆ ಸರ್ಕಾರಿ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಲಕ್ವದಿಂದ ಕೈಕಾಲು ಸೋತವರೂ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಈ ಓಡಾಟವನ್ನು ದೂರದಲ್ಲಿರುವ ಮಗನಿಗೋ ಅಳಿಯನಿಗೋ ಒಪ್ಪಿಸಿ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು

ಬರೀ ಬಳಲಿಕೆಯಾದರೆ ನಿದ್ದೆ, ಬಿಡುವು ಸಿಕ್ಕಿದಾಗ ಸ್ವಲ್ಪವಾದರೂ ಇಳಿಯುತ್ತದೆ. ಎರಡು ವಾರ ಕಳೆದರೂ ದಿನದ ಬಹುಪಾಲು ಮನಸ್ಸು ಭಾರವಾಗಿಯೇ ಇದೆ, ಯಾವುದರಲ್ಲೂ ಆಸೆ ಇಲ್ಲ, ಮಲಗಲು ಹೊತ್ತು ಸಿಕ್ಕಿದರೂ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಅಂದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ 1980ರ ದಶಕದಲ್ಲಿ ರೂಪುಗೊಂಡದ್ದೇ ನಮ್ಮ ಬಳ್ಳಾರಿಯಲ್ಲಿ. ಇವತ್ತು ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಕೇಳಿಕೊಂಡು ಹೋಗಬಹುದು. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತಲೂ ವಿಚಾರಿಸಿ.

"ಅಮ್ಮ ಇನ್ನು ಹೋಗಿಬಿಟ್ಟರೆ ಸಾಕಪ್ಪ" ಅನ್ನಿಸುವುದುಂಟು. ನನಗೂ ಅನ್ನಿಸಿದೆ. ಅದು ನೀವು ಕೆಟ್ಟವರು ಅನ್ನುವುದಕ್ಕೆ ಗುರುತಲ್ಲ, ನರಳಾಟ ಮುಗಿಯಲಿ ಅನ್ನುವ ಆಸೆ. ಆದರೆ ನಾನೇ ಇರಬಾರದು, ಅಥವಾ ಇಬ್ಬರೂ ಇಲ್ಲವಾದರೆ ಒಳ್ಳೆಯದು ಅನ್ನುವ ಯೋಚನೆ ಸುಳಿದರೆ ಬೆಳಗಾಗುವ ತನಕ ಕಾಯಬೇಡಿ. 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಕೋಣೆಯಲ್ಲಿರುವವರನ್ನೂ ಎಬ್ಬಿಸಿ, ಒಬ್ಬರೇ ಇರಬೇಡಿ. ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿ. ಬೇಕಾದ ಹೊತ್ತಿನಲ್ಲಿ ಹುಡುಕುವ ತ್ರಾಣ ಇರುವುದಿಲ್ಲ.

ಅವರು ಹೋದ ಮೇಲೆ

ಅಮ್ಮ ಎರಡು ವರ್ಷ ಏಳು ತಿಂಗಳು ಇದ್ದಳು. ಹೋದ ಮೇಲೆ ಎಲ್ಲರೂ "ಈಗಲಾದರೂ ರೆಸ್ಟ್ ತಗೋ" ಅಂದರು. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುವುದು ನಿಲ್ಲಲಿಲ್ಲ. ಫೋನಿನ ಅಲಾರಂ ಅಳಿಸಲು ನನಗೆ ಒಂದು ತಿಂಗಳು ಬೇಕಾಯಿತು. ನಿಮಗೂ ಹೀಗಾದರೆ ಅವಸರ ಮಾಡಿಕೊಳ್ಳಬೇಡಿ. ದಿನಕ್ಕೊಂದು ಗೊತ್ತುಮಾಡಿದ ಕೆಲಸ ಇಟ್ಟುಕೊಳ್ಳಿ, ಹೊತ್ತು ಹೊತ್ತಿಗೆ ಉಣ್ಣಿ, ಅವರ ಬಗ್ಗೆ ಮಾತಾಡಬೇಕು ಅನ್ನಿಸಿದಾಗ ಮಾತಾಡಿ.

ಏರ್ ಬೆಡ್ಡನ್ನು ಎರಡು ಬೀದಿ ಆಚೆಯ ಒಂದು ಮನೆಗೆ ಕೊಟ್ಟೆವು. ಅಲ್ಲಿ ಮಾವನವರಿಗೆ ಲಕ್ವ ಆಗಿ ಹತ್ತು ದಿನ ಆಗಿತ್ತು. ಸೊಸೆ ಒಬ್ಬಳೇ ಅವರನ್ನು ಎತ್ತಲು ಒದ್ದಾಡುತ್ತಿದ್ದಳು. ದುಪ್ಪಟಿ ತರಿಸಿ, ನಾಲ್ಕು ಮಡಿಕೆ ಮಾಡಿ, ಕೆಳಗೆ ಹಾಸಿ ತೋರಿಸಿದೆ. ಈ ಕಡೆ ತುದಿಯನ್ನು ಅವಳ ಕೈಗೆ ಕೊಟ್ಟೆ. ಆ ಕಡೆ ತುದಿ ಹಿಡಿಯಲು, ಹಾಲ್‌ನಲ್ಲಿ ಕೂತಿದ್ದ ಅವಳ ಗಂಡನನ್ನು ಕರೆದೆ.